ಒಮಾನಿನಲ್ಲಿ ಅರಿಜೋನಾದ ಜಗಳ

ಒಮಾನಿಗೆ ಹೋಗಿ ಬಂದೆನೆಂದರೆ ಊರಿನವರು ಕೇಳುವುದು ಒಂಟೆ, ಖರ್ಜೂರ, ಚಿನ್ನ. ನನಗೆ ಮೊದಲು ನೆನಪಾಗುವುದು ಅರಿಜೋನಾ. ಹಾಗೆಂದು ಹೇಳಿದರೆ ಮಾಸ್ಟ್ರ ತಲೆಗೆ ಬಿಸಿಲು ಹತ್ತಿದೆ ಎಂದು ನಗುತ್ತಾರೆ. ಅದಕ್ಕೇ ಬರೆದೇ ಬಿಡೋಣವೆಂದು ಕೂತಿದ್ದೇನೆ. ಬರೆದು ಮುಗಿಸಿದ ಮೇಲೂ ಎಲ್ಲ ನನಗೆ ಅರ್ಥವಾಗಿರುತ್ತದೆ ಎಂಬ ಭರವಸೆಯಿಲ್ಲ.

ಅದು ತೊಂಬತ್ತಾರನೆಯ ಇಸವಿ, ದೀಪಾವಳಿ ಹತ್ತಿರವಾಗಿದ್ದ ದಿನಗಳು. ನಾನು ಕಿನ್ನಿಗೋಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನು. ರಜೆ ಸಿಕ್ಕಿದಾಗಲೆಲ್ಲ ತಾಳಮದ್ದಳೆಯಲ್ಲಿ ಅರ್ಥ ಹೇಳುವವನು. ನೋಡದವರಿಗಾಗಿ ಹೇಳುತ್ತೇನೆ: ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ನಾವು ಪಂಚೆ ಉಟ್ಟು, ಶಲ್ಯ ಹೊದ್ದು ಕೂತು, ಪುರಾಣದ ಪಾತ್ರಗಳಾಗಿ ಎದುರುಬದುರು ವಾದ ಮಾಡುತ್ತೇವೆ. ಅರ್ಥ ಹೇಳುವುದೆಂದರೆ ಇದೇ. ಇಂದು ಯಾರ ಪಕ್ಷ ಹಿಡಿದು ಗೆಲ್ಲಿಸುತ್ತೇನೋ ನಾಳೆ ಅವರನ್ನೇ ಬೈದು ಸೋಲಿಸಬೇಕು. ಈ ವಿದ್ಯೆಯ ಬಲದಿಂದಲೇ ನನಗೆ ಮಸ್ಕತ್ತಿನ ಕರೆ ಬಂದದ್ದು.

ಸೀಬ್

ಮುಂಬೈ ದಾರಿಯಾಗಿ ಮಸ್ಕತ್ತಿನ ಸೀಬ್ ವಿಮಾನ ನಿಲ್ದಾಣದಲ್ಲಿ ಇಳಿದೆ. ಕರೆಸಿಕೊಂಡ ಸದಾನಂದ ಶೆಟ್ಟರು ಹೊರಗೆ ಕಾಯುತ್ತಿದ್ದರು. ಶೆಟ್ಟರು ನಮ್ಮ ಪಕ್ಕದ ಊರಿನವರು. ಹದಿನೈದು ವರ್ಷಗಳಿಂದ ಅಲ್ಲಿ ಬಾವಿ ಕೊರೆಯುವ ಕಂಪನಿಯೊಂದರ ಆಫೀಸಿನಲ್ಲಿದ್ದಾರೆ. ಕಾರಿನ ಹತ್ತಿರ ಬಂದಾಗ ನಾನು ಊರಿನ ಅಭ್ಯಾಸದಂತೆ ಎಡಗಡೆಯ ಬಾಗಿಲು ತೆಗೆದು ಕೂತೆ. ನೋಡಿದರೆ ಎದುರಿಗೆ ಸ್ಟೀರಿಂಗ್. ಬಂದ ಕೂಡಲೇ ಗಾಡಿ ಬಿಡುತ್ತೀರಾ ಎಂದು ಶೆಟ್ಟರು ಕೇಳಿದರು. ಆದರೆ ನಗಲಿಲ್ಲ. ಊರಿಗೆ ಬಂದಾಗ ಮಾತಿಗೊಮ್ಮೆ ನಗುತ್ತಿದ್ದ ಮನುಷ್ಯ.

ದಾರಿಯುದ್ದಕ್ಕೂ ಒಂದು ಹಾರ್ನ್ ಕೇಳಿಸಲಿಲ್ಲ. ಗುಡ್ಡಗಳಲ್ಲಿ ಹುಲ್ಲುಕಡ್ಡಿಯಿಲ್ಲ, ರಸ್ತೆಯ ಬದಿಗೆ ಮಾತ್ರ ಹೂವಿನ ಗಿಡಗಳು, ಪ್ರತಿ ಗಿಡದ ಬುಡಕ್ಕೂ ಸಣ್ಣ ಪೈಪು. ಕಾರು ಕೊಳಕಾಗಿದ್ದರೆ ಪೊಲೀಸರು ಹಿಡಿಯುತ್ತಾರಂತೆ. ನಮ್ಮ ಊರಿನ ಬಸ್ಸುಗಳನ್ನು ನೆನೆದು ನಾನು ಗಾಬರಿಯಾದೆ. ಅಷ್ಟರಲ್ಲಿ ಶೆಟ್ಟರು, ಕಾರ್ಯಕ್ರಮದ ದಿನ ಇನ್ನೂ ಗಟ್ಟಿಯಾಗಿಲ್ಲ, ಪ್ರೆಸಿಡೆಂಟ್ ಎಲ್ಲ ಕಡೆಯೂ ಗೆದ್ದರೆ ಹಾಲ್ ಸಿಗುವುದು ಕಷ್ಟ ಎಂದರು.

ಅವರ ಸಂಘಕ್ಕೆ ಚುನಾವಣೆಯಿರಬೇಕು ಎಂದುಕೊಂಡೆ. ಸಂಘವೆಂದ ಮೇಲೆ ಇದೆಲ್ಲ ಇದ್ದದ್ದೇ, ನಮ್ಮ ಯುವಕ ಮಂಡಲ ಎರಡು ಹೋಳಾದದ್ದು ಗೊತ್ತಲ್ಲ, ಎಂದು ಸಮಾಧಾನ ಹೇಳುತ್ತ ಹೋದೆ. ಶೆಟ್ಟರು ಕೇಳುತ್ತ ಕೇಳುತ್ತ ಗಾಡಿ ನಿಧಾನ ಮಾಡಿದರು.

"ಯಾವ ಸಂಘ ಮಾಸ್ಟ್ರೇ? ನಾನು ಹೇಳುವುದು ಅಮೆರಿಕದ ಪ್ರೆಸಿಡೆಂಟಿನ ವಿಷಯ."

ಅಮೆರಿಕದ ಅಧ್ಯಕ್ಷನಿಗೂ ಕಿನ್ನಿಗೋಳಿಯ ತಾಳಮದ್ದಳೆಗೂ ಏನು ಸಂಬಂಧವೆಂದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಮನೆಗೆ ಹೋಗಿ ಊಟಕ್ಕೆ ಕೂತಾಗ ಶೆಟ್ಟರೂ ಅವರ ಹೆಂಡತಿ ಸುಜಾತಕ್ಕನೂ ಸೇರಿ ಬಿಡಿಸಿ ಹೇಳಿದರು.

ಶೆಟ್ಟರ ಕಂಪನಿಯಲ್ಲಿ ವಾಲ್ಟರ್ ಎಂಬ ಹಿರಿಯ ಅಮೆರಿಕನ್ ಇಂಜಿನಿಯರ್ ಇದ್ದಾರೆ. ಅವರ ಊರಿರುವುದು ಅರಿಜೋನಾ ಎಂಬ ರಾಜ್ಯದಲ್ಲಿ. ಸಮುದ್ರದ ಬದಿಯ ಬರ್ಕಾ ಎಂಬ ಊರಿನಲ್ಲಿ ಪಂಪು, ಪೈಪುಗಳ ಅಂಗಡಿ ಇಟ್ಟಿರುವ ಮೊಯ್ದೀನ್ ಬ್ಯಾರಿಗಳು ಉಳ್ಳಾಲ ಕಡೆಯವರು. ಶೆಟ್ಟರು, ಬ್ಯಾರಿಗಳು, ವಾಲ್ಟರ್ ಈ ಮೂವರು ಎಷ್ಟೋ ವರ್ಷಗಳಿಂದ ಶುಕ್ರವಾರದ ಊಟ ಒಟ್ಟಿಗೆ ಮಾಡುತ್ತಾರೆ. ಅಮೆರಿಕದಲ್ಲಿ ಹಾಲಿ ಅಧ್ಯಕ್ಷ ಎರಡನೇ ಸಲ ಚುನಾವಣೆಗೆ ನಿಂತಿದ್ದ. ಅವನು ಗೆಲ್ಲಬಹುದು, ಆದರೆ ಅರಿಜೋನಾ ಮಾತ್ರ ಅವನ ಪಕ್ಷಕ್ಕೆ ದಕ್ಕುವುದಿಲ್ಲ, ತಾನು ಚಡ್ಡಿ ಹಾಕಿಕೊಂಡಿದ್ದಾಗ ಯಾವಾಗಲೋ ದಕ್ಕಿದ್ದೇ ಕೊನೆ ಎಂದು ವಾಲ್ಟರ್ ಹೇಳಿದರು. ಅಂಗಡಿಯಲ್ಲಿ ದಿನವಿಡೀ ಇಂಗ್ಲಿಷ್ ರೇಡಿಯೊ ಕೇಳುವ ಬ್ಯಾರಿಗಳು, ಈ ಸಲ ಅರಿಜೋನಾವೂ ಅವನ ಕಡೆಗೇ ಹೋಗುತ್ತದೆ ಎಂದರು. ವಾಲ್ಟರಿಗೆ ಸಿಟ್ಟು ಬಂತು. ತಾನು ಹುಟ್ಟಿ ಬೆಳೆದ ರಾಜ್ಯದ ಬಗ್ಗೆ ಬರ್ಕಾದಲ್ಲಿ ಪೈಪು ಮಾರುವವನು ಪಾಠ ಹೇಳುವುದೇ ಎಂದುಬಿಟ್ಟರು. ಅಂದಿನಿಂದ ಶುಕ್ರವಾರದ ಊಟ ನಿಂತಿದೆ.

"ಈ ಮನೆಯಲ್ಲಿ ಇವತ್ತು ಎಂತ ಅಡಿಗೆ ಅಂತ ಕೇಳುವವರಿಲ್ಲ ಮಾಸ್ಟ್ರೇ. ಎದ್ದರೆ ಅರಿಜೋನಾ, ಕೂತರೆ ಅರಿಜೋನಾ," ಎಂದರು ಸುಜಾತಕ್ಕ.

ತಾಳಮದ್ದಳೆ ನಡೆಯಬೇಕಾದದ್ದು ಮಸ್ಕತ್ತಿನ ವಾದಿ ಅದಾಯ್ ಎಂಬ ಜಾಗದಲ್ಲಿ, ಆ ಕಂಪನಿಯ ಕ್ಯಾಂಟೀನ್ ಹಾಲಿನಲ್ಲಿ. ಹಾಲ್ ಕೊಡಿಸುತ್ತೇನೆಂದು ಮಾತು ಕೊಟ್ಟವರು ಇದೇ ವಾಲ್ಟರ್. ಈಗ ಕೇಳಿದರೆ ಚುನಾವಣೆ ಮುಗಿಯಲಿ, ನೋಡೋಣ ಎನ್ನುತ್ತಾರಂತೆ.

ಶೆಟ್ಟರ ಮಗಳು ದೀಪ್ತಿ ತನ್ನ ಶಾಲೆಯ ಅಟ್ಲಾಸ್ ತಂದು ಅರಿಜೋನಾ ತೋರಿಸಿದಳು. ಪೆಟ್ಟಿಗೆಯ ಹಾಗೆ ಚೌಕಾಕಾರ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಪಾಲು ಉಂಟು, ರಾಜ್ಯದಲ್ಲಿ ಯಾರಿಗೆ ಮುನ್ನಡೆಯೋ ಅವರಿಗೇ ಇಡೀ ಪಾಲು ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಹಾಗಾದರೆ ಸೋತವನಿಗೆ ಓಟು ಹಾಕಿದ ಅರ್ಧ ಊರಿನ ಓಟು ಎಲ್ಲಿ ಹೋಯಿತು ಎಂದು ಕೇಳಿದೆ. ಅವಳು ಅಪ್ಪನ ಮುಖ ನೋಡಿದಳು. ಶೆಟ್ಟರು ಅನ್ನಕ್ಕೆ ಸಾರು ಹಾಕಿಕೊಂಡರು.

ವಾದಿ ಅದಾಯ್

ಮರುದಿನ ಭಾನುವಾರ. ರಜೆಯೆಂದು ನಾನು ಹಾಯಾಗಿ ಮಲಗಿದ್ದರೆ ಮನೆಯವರೆಲ್ಲ ಬೂಟು ಹಾಕಿಕೊಂಡು ನಿಂತಿದ್ದಾರೆ. ಅಲ್ಲಿ ವಾರದ ರಜೆ ಶುಕ್ರವಾರ. ಅಲ್ಲಿದ್ದಷ್ಟು ದಿನವೂ ವಾರ ಯಾವುದೆಂದು ನನಗೆ ಗಟ್ಟಿಯಾಗಲಿಲ್ಲ.

ಶೆಟ್ಟರು ನನ್ನನ್ನು ವಾದಿ ಅದಾಯಿಗೆ ಕರೆದುಕೊಂಡು ಹೋದರು. ಸಾಲಾಗಿ ಗ್ಯಾರೇಜುಗಳು, ಶೋರೂಮುಗಳು, ಹಿಂದೆ ಕಂದುಬಣ್ಣದ ಬೋಳು ಗುಡ್ಡಗಳು. ಹಾಲ್ ಚೆನ್ನಾಗಿತ್ತು. ಸ್ಟೀಲ್ ಕುರ್ಚಿಗಳು, ಗೋಡೆಗೆ ಏಸಿ, ಮೂಲೆಯಲ್ಲಿ ನೀರಿನ ಯಂತ್ರ. ಭಾಗವತರು ಎಲ್ಲಿ ಕೂರಬೇಕು, ಮದ್ದಳೆ ಎಲ್ಲಿ ಎಂದು ನಾನು ಮನಸ್ಸಿನಲ್ಲೇ ಜಾಗ ಅಳೆಯತೊಡಗಿದೆ. ಅಷ್ಟರಲ್ಲಿ ವಾಲ್ಟರ್ ಬಂದರು.

ಸಿನಿಮಾದಲ್ಲಿ ನೋಡಿದ ಅಮೆರಿಕನ್ನರ ಹಾಗೆ ದೈತ್ಯನಿರಬಹುದು ಎಂದುಕೊಂಡಿದ್ದೆ. ಸಣಕಲು ದೇಹ, ಬೆಳ್ಳಗಿನ ಗಡ್ಡ, ಬಿಸಿಲಿಗೆ ಬೆಂದು ನಮ್ಮಷ್ಟೇ ಕಪ್ಪಾದ ಕೈಗಳು. ತಮ್ಮ ಕೋಣೆಗೆ ಕರೆದು, ಹಾಲಿಲ್ಲದ ಚಹಾ ಕೊಟ್ಟು, ಗೋಡೆಯ ಮೇಲಿನ ಒಂದು ಫೋಟೊ ತೋರಿಸಿದರು. ಕಂದುಬಣ್ಣದ ಗುಡ್ಡ, ಮುಳ್ಳಿನ ಪೊದೆ, ನೀರು ಬತ್ತಿದ ಒಂದು ತೋಡು. ಕಿಟಕಿಯ ಹೊರಗೆ ಕೈ ತೋರಿಸಿ ಇದೇ ಜಾಗವಲ್ಲವೇ ಎಂದು ಕೇಳಿದೆ. ವಾಲ್ಟರ್ ಮೇಜು ಬಡಿದು ನಕ್ಕರು. ಅದು ಅವರ ಮನೆಯ ಹಿತ್ತಿಲಂತೆ, ಅರಿಜೋನಾದಲ್ಲಿ. ಒಮಾನಿಗೆ ಮೊದಲ ಸಲ ಬಂದಾಗ ವಿಮಾನ ತಪ್ಪಿ ವಾಪಸ್ ಊರಿಗೇ ಬಂತೋ ಎಂದು ತನಗೂ ಅನಿಸಿತ್ತು ಎಂದರು.

ಆಮೇಲೆ ಅವರು ಬಹಳ ಹೊತ್ತು ಮಾತಾಡಿದರು. ನಾನು ಇಂಗ್ಲಿಷ್ ಓದಬಲ್ಲೆ, ಆದರೆ ಅವರ ಮಾತು ಬಾಯಿಂದ ಹೊರಡುವ ಮೊದಲೇ ಕರಗಿಹೋಗುತ್ತಿತ್ತು. ಶೆಟ್ಟರು ನಡುನಡುವೆ ಕನ್ನಡಕ್ಕೆ ತಂದರು. ಹಿಮ ಬೀಳುವ ರಾಜ್ಯಗಳಿಂದ ವಯಸ್ಸಾದವರೆಲ್ಲ ಬಿಸಿಲಿಗೆಂದು ಅರಿಜೋನಾಕ್ಕೆ ಬಂದು ಮನೆ ಕಟ್ಟುತ್ತಿದ್ದಾರೆ, ಮರುಭೂಮಿಯಲ್ಲಿ ಹುಲ್ಲು ಬೆಳೆಸಿ ಗಾಲ್ಫ್ ಆಡುತ್ತಿದ್ದಾರೆ, ಅದಕ್ಕೆಲ್ಲ ಭೂಮಿಯ ನೀರು ಎಳೆಯುತ್ತಿದ್ದಾರೆ ಎಂದು ಅವರಿಗೆ ಬೇಸರ. ಕೊನೆಗೆ ನನ್ನ ಕಡೆ ತಿರುಗಿ, ನಿಮಗೆ ಏನನಿಸುತ್ತದೆ, ಅರಿಜೋನಾ ಯಾರಿಗೆ ಎಂದು ಕೇಳಿದರು. ನನಗೆ ಹಾಲ್ ಬೇಕಾಗಿತ್ತು. ನಿಮ್ಮ ಊರು ನಿಮಗೇ ಗೊತ್ತು ಎಂದೆ. ಶೆಟ್ಟರು ಖುಷಿಯಿಂದ ತರ್ಜುಮೆ ಮಾಡಿದರು. ವಾಲ್ಟರ್ ನನ್ನ ಭುಜ ತಟ್ಟಿ, ಫಲಿತಾಂಶ ಬಂದ ಮರುದಿನ ಗುರುವಾರ ಸಂಜೆ ಹಾಲ್ ನಿಮಗೇ ಎಂದರು.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬರ್ಕಾ, ಶುಕ್ರವಾರ

ಮಾಸ್ಟ್ರು ಊರಿನಿಂದ ಬಂದಿದ್ದಾರೆಂಬ ನೆಪ ಮಾಡಿ ಮೊಯ್ದೀನ್ ಬ್ಯಾರಿಗಳು ಸುಜಾತಕ್ಕನೂ ಸೇರಿ ಎಲ್ಲರನ್ನೂ ಊಟಕ್ಕೆ ಕರೆದರು. ವಾಲ್ಟರ್ ಬರುತ್ತಾರೋ ಇಲ್ಲವೋ ಎಂದು ಶೆಟ್ಟರಿಗೆ ಚಡಪಡಿಕೆ. ಬಂದರು.

ಊಟ ಬ್ಯಾರಿಗಳ ಕಫೀಲ್ ಸಾಲಿಂ ಅವರ ತೋಟದಲ್ಲಿ. ಕಫೀಲ್ ಎಂದರೆ ಪರದೇಶದವರ ವೀಸಾಕ್ಕೂ ಅಂಗಡಿಗೂ ಹೊಣೆ ನಿಲ್ಲುವ ಸ್ಥಳೀಯ ಯಜಮಾನರು. ಖರ್ಜೂರದ ಮರಗಳ ಕೆಳಗೆ ಚಾಪೆ ಹಾಸಿತ್ತು, ಪಕ್ಕದಲ್ಲಿ ಲಿಂಬೆಗಿಡಗಳು, ಬಾಳೆ. ಸಮುದ್ರದ ಗಾಳಿ ಬೀಸುತ್ತಿತ್ತು. ಕಣ್ಣು ಮುಚ್ಚಿದರೆ ನಮ್ಮ ಮೂಲ್ಕಿಯೇ. ಸಾಲಿಂ ಅವರು ಸಣ್ಣ ಪಿಂಗಾಣಿ ಬಟ್ಟಲಿಗೆ ಕಹಿಯಾದ ಕಾಫಿ ಹೊಯ್ದು ಕೊಟ್ಟರು. ಕುಡಿದು ಕೊಟ್ಟೆ. ಮತ್ತೆ ಹೊಯ್ದರು. ಕುಡಿಯದಿದ್ದರೆ ಅವಮಾನವಾದೀತೆಂದು ಮತ್ತೆ ಕುಡಿದೆ. ಮತ್ತೆ ಹೊಯ್ದರು. ನನ್ನ ಎದೆ ಮದ್ದಳೆಯ ಹಾಗೆ ಬಡಿಯತೊಡಗಿದ ಮೇಲೆ ಬ್ಯಾರಿಗಳು ಬಗ್ಗಿ, ಸಾಕಾದರೆ ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಕೊಡಬೇಕು ಎಂದು ಕಿವಿಯಲ್ಲಿ ಹೇಳಿದರು. ನಮ್ಮಲ್ಲಾದರೆ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಬೇಡ ಬೇಡ" ಎಂದು ಕೂಗಬೇಕು. ಅದನ್ನು ಕಂಡೇ ಬಡಿಸುವವರು ಇನ್ನೊಂದು ಸೌಟು ಹಾಕುತ್ತಾರೆ.

ದೊಡ್ಡ ತಟ್ಟೆಯ ಸುತ್ತ ಕೂತು ಅನ್ನ, ಮೀನು ತಿನ್ನುತ್ತಿದ್ದೆವು. ವಾಲ್ಟರ್ ನಮ್ಮ ಹಾಗೆಯೇ ಕೈಯಲ್ಲಿ ಉಣ್ಣುತ್ತಿದ್ದರು. ತೋಟದ ಬಾವಿ ಕೊರೆದವರು ಅವರೇ. ಬಾವಿಗೆ ಈಚೆಗೆ ಉಪ್ಪುನೀರು ನುಗ್ಗುತ್ತಿದೆ ಎಂದು ಸಾಲಿಂ ಹೇಳುತ್ತಿದ್ದರು, ವಾಲ್ಟರ್ ತಲೆಯಾಡಿಸುತ್ತಿದ್ದರು. ಎಲ್ಲ ಚೆನ್ನಾಗಿಯೇ ಇತ್ತು. ಆಗ ಸಾಲಿಂ ಅವರೇ, ನಿಮ್ಮ ಜಗಳ ಮುಗಿಯಿತೇ ಎಂದು ಹಿಂದಿಯಲ್ಲಿ ಕೇಳಿಬಿಟ್ಟರು.

ಮತ್ತೆ ಶುರುವಾಯಿತು. ಬ್ಯಾರಿಗಳು ರೇಡಿಯೊದಲ್ಲಿ ಕೇಳಿದ್ದನ್ನು ತಮ್ಮ ಇಂಗ್ಲಿಷಿನಲ್ಲಿ ಹೇಳಿದರು. ವಾಲ್ಟರ್ ಮಾತು ಮುಗಿಯಲು ಬಿಡಲಿಲ್ಲ. ಬ್ಯಾರಿಗಳ ಇಂಗ್ಲಿಷ್ ಸಿಟ್ಟಿಗೆ ಸಾಲದೆ ಹಿಂದಿಯಾಯಿತು, ಹಿಂದಿಯಿಂದ ಕನ್ನಡಕ್ಕೆ ಬಂತು. ಶೆಟ್ಟರು ಮಧ್ಯೆ ಬಿದ್ದರು. ನಗೆಯಲ್ಲಿ ತೇಲಿಸಿಬಿಡೋಣವೆಂದು ಅವರ ಲೆಕ್ಕ.

"ಬ್ಯಾರಿಗಳೇ, ನೀವು ಸುಮ್ಮನಿರಿ. ನಿಮ್ಮ ಪರವಾಗಿ ಮಾಸ್ಟ್ರು ಅರ್ಥ ಹೇಳಲಿ, ನಾನು ಇಂಗ್ಲಿಷ್ ಮಾಡುತ್ತೇನೆ. ವಾಲ್ಟರಿಗೂ ತಾಳಮದ್ದಳೆ ಅಂದರೆ ಎಂತ ಅಂತ ಗೊತ್ತಾಗಲಿ."

ವಾಲ್ಟರ್ ಒಪ್ಪಿದರು. ನನಗೂ ಉಮೇದು ಬಂತು. ಅಷ್ಟು ಕಾಫಿ ಕುಡಿದಿದ್ದೆನಲ್ಲ.

ಅರಿಜೋನಾದ ಬಗ್ಗೆ ನನಗೆ ಗೊತ್ತಿದ್ದದ್ದು ಆ ಅಟ್ಲಾಸಿನ ಪೆಟ್ಟಿಗೆ ಮತ್ತು ವಾಲ್ಟರ್ ತಾವೇ ಹೇಳಿದ ಸಂಗತಿಗಳು. ಅರ್ಥಧಾರಿಗೆ ಅಷ್ಟೇ ಸಾಕು. ಎದುರಿನವನ ಬಾಯಿಂದ ಬಂದ ಮಾತನ್ನೇ ಹಿಡಿದು ಅವನನ್ನು ಕಟ್ಟುವುದು ನಮ್ಮ ಕಸುಬು. ಮೊದಲು ನಮ್ಮದೇ ಉದಾಹರಣೆ ಕೊಟ್ಟೆ. ಈ ವರ್ಷ ದಿಲ್ಲಿಯಲ್ಲಿ ಕನ್ನಡದವರೊಬ್ಬರು ಪ್ರಧಾನಿಯಾಗಿ ಕೂತಿದ್ದಾರೆ, ವರ್ಷದ ಮೊದಲಿಗೆ ಯಾರಾದರೂ ಹಾಗೆಂದಿದ್ದರೆ ನಾವೇ ನಗುತ್ತಿದ್ದೆವು ಎಂದೆ. ಶೆಟ್ಟರು ತರ್ಜುಮೆ ಮಾಡಿದರು. ವಾಲ್ಟರ್ ನಕ್ಕರು. ಆಮೇಲೆ ನನ್ನ ಧ್ವನಿ ಏರಿತು.

"ನೀವು ಊರು ಬಿಟ್ಟು ಎಷ್ಟು ಕಾಲವಾಯಿತು? ಅಂದು ತೊಟ್ಟಿಲಲ್ಲಿದ್ದವರು ಇಂದು ಓಟು ಹಾಕುತ್ತಾರೆ. ಹಿಮದ ಊರಿನಿಂದ ಜನ ಬಂದರು ಅಂತ ನೀವೇ ಹೇಳಿದಿರಿ. ಅವರ ಮನಸ್ಸಿನಲ್ಲಿ ಏನಿದೆ ಅಂತ ಕೇಳಿದಿರಾ? ನಿಮ್ಮ ಬೀದಿಯಲ್ಲಿ ಈಗ ಯಾರಿದ್ದಾರೆ, ಒಂದು ನಾಲ್ಕು ಹೆಸರು ಹೇಳಿ ನೋಡೋಣ. ಊರು ಬಿಟ್ಟವನು ತಾನು ಹೊರಟ ದಿನದ ಊರನ್ನೇ ಗಂಟು ಕಟ್ಟಿಕೊಂಡು ತಿರುಗುತ್ತಾನೆ. ಅಲ್ಲಿ ಆ ಊರು ಇಲ್ಲ. ಇಲ್ಲದ ಊರಿನ ಪರವಾಗಿ ನೀವು ಜಗಳಕ್ಕೆ ನಿಂತಿದ್ದೀರಿ."

ಹೇಳಿ ಮುಗಿಸಿ ಶೆಟ್ಟರ ಕಡೆ ನೋಡಿದೆ. ಅವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಇತ್ತು. ಅದನ್ನು ತಟ್ಟೆಗೆ ಇಳಿಸಿ ಒಂದೇ ಒಂದು ಸಾಲು ಇಂಗ್ಲಿಷಿನಲ್ಲಿ ಹೇಳಿದರು. ವಾಲ್ಟರ್ ಮುಖ ಅರಳಿತು. ತಟ್ಟೆಯ ಮೇಲಿಂದಲೇ ಬಗ್ಗಿ, ಎಣ್ಣೆ ಕೈಯಲ್ಲೇ ನನ್ನ ಕೈ ಹಿಡಿದು ಕುಲುಕಿದರು.

ನನಗೆ ದಿಗಿಲಾಯಿತು. ನೀನು ಸೋಲುತ್ತೀಯ, ನಿನ್ನ ಊರೇ ಇಲ್ಲ ಎಂದವನ ಕೈ ಯಾರಾದರೂ ಕುಲುಕುತ್ತಾರೆಯೇ? ಅಮೆರಿಕನ್ನರ ಪದ್ಧತಿಯೇ ಹೀಗಿರಬಹುದು ಎಂದುಕೊಂಡೆ. ಎರಡೂ ಭಾಷೆ ಬಲ್ಲ ಬ್ಯಾರಿಗಳು ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ.

ವಾಪಸಾಗುವಾಗ ಕಾರಿನಲ್ಲಿ ಶೆಟ್ಟರ ಪಕ್ಕ ಕೂತೆ. ವಾಲ್ಟರಿಗೆ ಏನು ಹೇಳಿದಿರಿ ಎಂದು ಕೇಳಿದೆ. ನೀವು ಹೇಳಿದ್ದನ್ನೇ ಎಂದರು. ಅಷ್ಟು ಉದ್ದದ್ದು ಅಷ್ಟು ಸಣ್ಣದಾದದ್ದು ಹೇಗೆ ಎಂದರೆ, ಇಂಗ್ಲಿಷ್ ಹಾಗೆಯೇ ಎಂದರು. ಹಿಂದಿನ ಸೀಟಿನಲ್ಲಿದ್ದ ಸುಜಾತಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಮನೆ ತಲಪಿ, ಶೆಟ್ಟರು ಕಾರು ನಿಲ್ಲಿಸಲು ಹೋದಾಗ ಸುಜಾತಕ್ಕ ನನಗೆ ಸತ್ಯ ಹೇಳಿದರು. ನಿಮ್ಮ ಊರಿನ ಜನ ನೀವು ಬಿಟ್ಟುಬಂದ ಹಾಗೆಯೇ ಇದ್ದಾರೆ ಅಂತ ಮಾಸ್ಟ್ರು ಹೇಳುತ್ತಾರೆ, ಎಂದು ಶೆಟ್ಟರು ಹೇಳಿದ್ದರಂತೆ.

"ಹಾಲ್ ತಪ್ಪೀತು ಅಂತ ಹಾಗೆ ಹೇಳಿದರಾ?" ಎಂದು ಕೇಳಿದೆ.

"ಗೊತ್ತಿಲ್ಲ ಮಾಸ್ಟ್ರೇ. ನೀವು ಹೇಳಿದ್ದು ಇವರಿಗೇ ತಾಗಿತೋ ಏನೋ," ಎಂದರು.

ಸೀಬ್, ಬುಧವಾರ

ನಮ್ಮಲ್ಲಿ ಓಟು ಎಣಿಸಲು ದಿನಗಟ್ಟಲೆ ಬೇಕು. ಅವರದು ಅಲ್ಲಿ ರಾತ್ರಿಯಾಗುವಷ್ಟರಲ್ಲಿ ಇಲ್ಲಿ ಬೆಳಗಾಗಿ, ಬೆಳಗಿನ ತಿಂಡಿಗೇ ಅಧ್ಯಕ್ಷ ಗೆದ್ದ ಸುದ್ದಿ ಬಂತು. ಅದು ಎಲ್ಲರೂ ನಿರೀಕ್ಷಿಸಿದ್ದೇ. ಅರಿಜೋನಾ ಏನಾಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬ್ಯಾರಿಗಳ ಫೋನ್ ಬಂತು. ಶೆಟ್ಟರು ಆಫೀಸಿನಲ್ಲಿದ್ದುದರಿಂದ ನಾನೇ ಎತ್ತಿದೆ.

ಅರಿಜೋನಾ ಹೋಯಿತು ಎಂದರು ಬ್ಯಾರಿಗಳು. ಯಾರ ಕಡೆಗೆ ಹೋಯಿತು ಎಂದು ಕೇಳಬೇಕಾಯಿತು. ಅವರ ಧ್ವನಿಯಲ್ಲಿ ಗೆದ್ದವನ ಲಕ್ಷಣವೇ ಇರಲಿಲ್ಲ. ಅಧ್ಯಕ್ಷನಿಗೇ ಅಂತೆ. ವಾಲ್ಟರ್ ಇವತ್ತು ಆಫೀಸಿಗೆ ಬಂದಿಲ್ಲ, ಫೋನ್ ಎತ್ತುತ್ತಿಲ್ಲ, ತಾನು ಅಂಗಡಿ ಮುಚ್ಚಿ ಬರುತ್ತಿದ್ದೇನೆ ಎಂದರು. ಅಲ್ಲಿಗೆ ನಾನು ಏನು ಭಾವಿಸಬೇಕೆಂದೇ ನನಗೆ ತಿಳಿಯದಾಯಿತು. ನಾನು ವಾದಿಸಿದ ಪಕ್ಷ ಗೆದ್ದಿದೆ. ಆದರೆ ನಾನು ಹಾಗೆ ವಾದಿಸಿದ್ದು ವಾಲ್ಟರಿಗೆ ಗೊತ್ತಿಲ್ಲ. ಅವರ ಮಟ್ಟಿಗೆ ನಾನು ಅವರೊಂದಿಗೆ ಸೋತವನು.

ಶೆಟ್ಟರು ಆಫೀಸಿನಿಂದ ಬಂದರು, ಬ್ಯಾರಿಗಳು ಬರ್ಕಾದಿಂದ ಬಂದರು. ಮೂವರೂ ಸೇರಿ ವಾಲ್ಟರ್ ಮನೆಗೆ ಹೋದೆವು. ಬ್ಯಾರಿಗಳ ಕೈಯಲ್ಲಿ ಬರ್ಕಾದ ಹಲ್ವದ ಡಬ್ಬಿ. ಅದನ್ನು ಕಾರಿನಲ್ಲಿ ಬಿಟ್ಟು ಬರುವುದೇ, ಒಳಗೆ ತರುವುದೇ ಎಂದು ಗೇಟಿನ ಹತ್ತಿರ ನಿಂತು ಯೋಚಿಸಿದರು. ಹಬ್ಬ ಮಾಡಲು ಬಂದ ಹಾಗಾಗುತ್ತದೆ ಎಂದು ಅವರ ಸಂಕೋಚ. ಕೊನೆಗೆ ಬೆನ್ನ ಹಿಂದೆ ಹಿಡಿದುಕೊಂಡು ಬಂದರು.

ವಾಲ್ಟರ್ ಬಾಗಿಲು ತೆಗೆದರು. ಒಳಗೆ ಟೀವಿ ಸದ್ದಿಲ್ಲದೆ ನಡೆಯುತ್ತಿತ್ತು. ಪರದೆಯ ಮೇಲೆ ಬಣ್ಣ ಬಳಿದ ಅಮೆರಿಕದ ನಕ್ಷೆ. ನಮ್ಮನ್ನು ಕೂರಿಸಿ ತಾವೂ ಕೂತು, ಬಹಳ ನಿಧಾನವಾಗಿ ಒಂದು ಮಾತು ಹೇಳಿದರು. ಅಷ್ಟು ನಿಧಾನವಾಗಿದ್ದುದರಿಂದ ಅದು ತರ್ಜುಮೆಯಿಲ್ಲದೆ ನನಗೇ ತಿಳಿಯಿತು.

"ನನ್ನ ತಂಗಿ ಅವನಿಗೇ ಓಟು ಹಾಕಿದ್ದಾಳೆ."

ಬೆಳಿಗ್ಗೆ ಅವರು ತಂಗಿ ರೂತ್‌ಗೆ ಫೋನ್ ಮಾಡಿದ್ದರಂತೆ. ನಮ್ಮ ಜನಕ್ಕೆ ಏನಾಯಿತು, ಯಾರು ಇವರೆಲ್ಲ ಎಂದು ಕೇಳಿದರಂತೆ. ನಾನೇ, ಎಂದಳಂತೆ ಅವಳು. ಕಳೆದ ಸಲವೂ ಅವನಿಗೇ ಹಾಕಿದ್ದೆ ಎಂದಳಂತೆ. ಹೇಳಲೇ ಇಲ್ಲವಲ್ಲ ಎಂದು ಇವರು ಕೇಳಿದ್ದಕ್ಕೆ ಅವಳು ಹೇಳಿದ ಮಾತನ್ನು ಶೆಟ್ಟರು ನನಗೆ ಕನ್ನಡದಲ್ಲಿ ಹೇಳಿದರು: "ನೀನು ಯಾವತ್ತೂ ಕೇಳಲಿಲ್ಲ ಅಣ್ಣ. ನೀನು ಹೇಳಿದ್ದು ಮಾತ್ರ."

ಬ್ಯಾರಿಗಳು ಹಲ್ವದ ಡಬ್ಬಿಯನ್ನು ಕುರ್ಚಿಯ ಕೆಳಗೆ ಸರಿಸಿದರು. ತಾನು ಗೆದ್ದೆನೆಂದು ಬಂದದ್ದಲ್ಲ, ತಾನು ರೇಡಿಯೊ ಕೇಳಿದವನು ಅಷ್ಟೆ, ಅರಿಜೋನಾ ಮೂಡಣಕ್ಕೋ ಪಡುವಣಕ್ಕೋ ತನಗೆ ಗೊತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ತಡವರಿಸಿದರು. ವಾಲ್ಟರ್ ಅವರ ಮೊಣಕಾಲಿನ ಮೇಲೆ ಕೈ ಇಟ್ಟರು. ಆಮೇಲೆ ನನ್ನನ್ನೇ ನೋಡುತ್ತ ಶೆಟ್ಟರಿಗೆ ಏನೋ ಕೇಳಿದರು. ಶೆಟ್ಟರ ಮುಖ ಕೆಂಪಾಯಿತು. ಆ ದಿನ ತೋಟದಲ್ಲಿ ಈ ಮನುಷ್ಯ ಅಷ್ಟು ಹೊತ್ತು ಮಾತಾಡಿದ, ನೀನು ಒಂದು ಸಾಲು ಹೇಳಿದೆ; ನಿಜವಾಗಿ ಅವನು ಹೇಳಿದ್ದೇನು ಎಂದು ಅವರು ಕೇಳಿದ್ದು.

"ಶೆಟ್ರೇ, ಈಗ ಹೇಳಿ," ಎಂದರು ಬ್ಯಾರಿಗಳು ಮೆಲ್ಲಗೆ.

ಶೆಟ್ಟರು ಹೇಳಿದರು. ನನ್ನ ಮಾತುಗಳು ಅವರಿಗೆ ಒಂದೂ ಬಿಡದೆ ನೆನಪಿದ್ದುವು. ಅವರು ತೊಟ್ಟಿಲಿನ ಮಾತು ದಾಟಿದ್ದು ಕೈಯ ಅಭಿನಯದಿಂದ ತಿಳಿಯಿತು. ಬೀದಿಯ ಮಾತಿಗೆ ಬಂದಾಗ ನಿಲ್ಲಿಸಿ, ನೀರು ಕುಡಿದು, ಮುಂದುವರಿಸಿದರು. ವಾದದ ಅಬ್ಬರದಲ್ಲಿ ಆಡಿದ ಮಾತು ಅದು. ಆಡಿದಾಗ ನನಗೆ ಅದರ ಭಾರ ತಿಳಿದಿರಲಿಲ್ಲ. ಈಗ ಶೆಟ್ಟರ ಬಾಯಿಂದ, ಅರ್ಧಂಬರ್ಧ ತಿಳಿಯುವ ಭಾಷೆಯಲ್ಲಿ ಕೇಳುತ್ತ ನಾನು ಎಲ್ಲಿ ನೋಡಬೇಕೆಂದು ಗೊತ್ತಾಗದೆ ನಕ್ಷೆಯನ್ನೇ ನೋಡುತ್ತ ಕೂತೆ.

ವಾಲ್ಟರ್ ಪೂರ್ತಿ ಕೇಳಿದರು. ಗಡ್ಡ ಕೆರೆದುಕೊಂಡರು. ಅಂದೇ ಹೇಳಿದ್ದರೆ ಈ ಮಾಸ್ಟ್ರನ್ನು ಎತ್ತಿ ಬರ್ಕಾದ ಸಮುದ್ರಕ್ಕೆ ಹಾಕುತ್ತಿದ್ದೆ ಎಂದರು. ಹೇಳಿ ಅವರೇ ಮೊದಲು ನಕ್ಕರು. ನಾಲ್ಕೂ ಜನ ನಕ್ಕೆವು, ಆದರೆ ನಾಲ್ವರೂ ಒಂದೇ ವಿಷಯಕ್ಕೆ ನಕ್ಕೆವೆಂದು ನನಗೆ ಈಗಲೂ ಅನಿಸುವುದಿಲ್ಲ. ಅಷ್ಟರಲ್ಲಿ ವಾಲ್ಟರ್ ಬಗ್ಗಿ ಕುರ್ಚಿಯ ಕೆಳಗಿನ ಡಬ್ಬಿ ಎಳೆದು, ಮೊಯ್ದೀನ್, ಇದನ್ನು ಯಾಕೆ ಅಡಗಿಸಿದೆ ಎಂದು ಕೇಳಿದರು.

ವಾದಿ ಅದಾಯ್, ಗುರುವಾರ ಸಂಜೆ

ಹಾಲ್ ಸಿಕ್ಕಿತು. ಜನ ತುಂಬಿತು. ಭಾಗವತರು ಒಂದು ಬ್ಯಾಂಕಿನ ನೌಕರರು, ಮದ್ದಳೆಯವರು ಗ್ಯಾರೇಜಿನ ಮೇಸ್ತ್ರಿ. ಮಧ್ಯೆ ಏಸಿ ಜೋರಾಗಿ ಮದ್ದಳೆಯ ಶ್ರುತಿ ಇಳಿದು, ಯಾರೋ ಹೋಗಿ ಏಸಿ ಆರಿಸಿ ಬಂದರು. ಎದುರು ಪಾತ್ರದವರು ಚೆನ್ನಾಗಿ ಮಾತಾಡಿದರು. ನನ್ನ ಧ್ವನಿ ಎಂದಿನಷ್ಟು ಏರಲಿಲ್ಲ. ಎದುರಿನವನನ್ನು ಕಟ್ಟಿಹಾಕುವ ಮಾತು ನಾಲಿಗೆಗೆ ಬಂದಾಗಲೆಲ್ಲ ಒಂದು ಕ್ಷಣ ತಡೆದೆ. ನೋಡಿದವರು ಪ್ರಯಾಣದ ಆಯಾಸ ಎಂದರು.

ವಾಲ್ಟರ್ ಮುಂದಿನ ಸಾಲಿನಲ್ಲಿ, ಬ್ಯಾರಿಗಳ ಪಕ್ಕದಲ್ಲಿ ಕೂತಿದ್ದರು. ಒಂದು ಅಕ್ಷರ ತಿಳಿಯದಿದ್ದರೂ ಕೊನೆಯವರೆಗೆ ಎದ್ದು ಹೋಗಲಿಲ್ಲ. ಮುಗಿದ ಮೇಲೆ ಬಂದು ಯಾರು ಗೆದ್ದರು ಎಂದು ಕೇಳಿದರು. ಕಥೆ ಹಳೆಯದು, ಯಾರು ಗೆಲ್ಲುತ್ತಾರೆಂದು ಕೂತ ಎಲ್ಲರಿಗೂ ಮೊದಲೇ ಗೊತ್ತು ಎಂದೆ. ಹಾಗಾದರೆ ಇಷ್ಟು ಹೊತ್ತು ವಾದ ಯಾಕೆ ಎಂದರು.

ಇಷ್ಟು ವರ್ಷ ಅರ್ಥ ಹೇಳಿದ ನನಗೆ ಈ ಪ್ರಶ್ನೆ ಯಾರೂ ಹಾಕಿರಲಿಲ್ಲ. ಸೋಲುವವನಿಗೂ ತನ್ನ ಮಾತು ಹೇಳಿ ಮುಗಿಸಲು ಜಾಗ ಬೇಕಲ್ಲ ಎಂದು ಏನೋ ಹೇಳಿದೆ. ಅದೇ ಉತ್ತರವೋ ಅಲ್ಲವೋ ತಿಳಿಯದು. ಶೆಟ್ಟರು ತರ್ಜುಮೆ ಮಾಡಿದರು. ಈ ಸಲ ನಾನು ಹೇಳಿದ್ದಕ್ಕಿಂತ ಉದ್ದವಾಗಿತ್ತು.

ಹೊರಡುವ ದಿನ

ಶುಕ್ರವಾರ ಬೆಳಿಗ್ಗೆ ನನ್ನ ವಿಮಾನ. ಬ್ಯಾರಿಗಳು ತಮ್ಮ ಪಿಕಪ್ ತಂದು ಕೆಳಗೆ ಕಾಯುತ್ತಿದ್ದರು. ನಿಲ್ದಾಣಕ್ಕೆ ಬಿಡುವ ಕೆಲಸ ತನ್ನದೆಂದು ಹಟ ಹಿಡಿದಿದ್ದರು. ಶುಕ್ರವಾರ ಬೆಳಿಗ್ಗೆ ಶೆಟ್ಟರು ಊರಿನ ಅಣ್ಣನಿಗೆ ಫೋನ್ ಮಾಡುವ ಹೊತ್ತು. ಹೋಗುವ ಮೊದಲು ಮುಗಿಸಿಬಿಡುತ್ತೇನೆ ಎಂದು ರಿಸೀವರ್ ಎತ್ತಿದರು. ಸುಜಾತಕ್ಕ ನನಗೆ ದೋಸೆ ಹಾಕುತ್ತ, ಇವರ ಫೋನು ಬೇಗ ಮುಗಿಯುತ್ತದೆ ಎಂದರು. ಗೋಡೆಗೆ ಯಾವ ಬಣ್ಣ ಹೊಡೆಸಬೇಕು, ಅಣ್ಣನ ಮಗನನ್ನು ಯಾವ ಕಾಲೇಜಿಗೆ ಸೇರಿಸಬೇಕು, ಯಾರಿಗೆ ಓಟು ಹಾಕಬೇಕು ಎಲ್ಲ ಇಲ್ಲಿಂದಲೇ ತೀರ್ಮಾನ. ಅಲ್ಲಿಂದ ಸರಿ ಎಂದರೆ ಆಯಿತು, ಖಲಾಸ್.

ಶೆಟ್ಟರು ಆ ದಿನ ಏನೂ ಹೇಳಲಿಲ್ಲ.

"ಊರುಡ್ ದಾನೆ ವಿಶೇಷ ಅಣ್ಣಾ?" ಎಂದು ತುಳುವಿನಲ್ಲಿ ಕೇಳಿದರು. ಊರಿನಲ್ಲಿ ಏನು ವಿಶೇಷ ಎಂದಷ್ಟೆ.

ಆ ಕಡೆಯಿಂದ ಉತ್ತರ ಬರಲಿಲ್ಲವೆಂದು ಕಾಣುತ್ತದೆ. ಶೆಟ್ಟರು ಲೈನ್ ಕಡಿದುಹೋಯಿತೇನೋ ಎಂದು ಹಲೋ, ಹಲೋ ಎಂದರು. ಇಲ್ಲ, ಅಣ್ಣ ಅಲ್ಲೇ ಇದ್ದರು. ಅವರು ಮಾತಿಗೆ ತೊಡಗಿದರು. ಶೆಟ್ಟರು ನಿಂತಿದ್ದವರು ಫೋನಿನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಆಗಾಗ "ಅಂದಾ?" ಎನ್ನುತ್ತಿದ್ದರು. ಹೌದಾ ಎಂಬುದಕ್ಕೆ ತುಳುವಿನಲ್ಲಿ ಹಾಗೆನ್ನುತ್ತಾರೆ. ಒಮ್ಮೆ ನಗುತ್ತ ಅಂದಾ ಎಂದರು. ಇನ್ನೊಮ್ಮೆ ಗೋಡೆಗೆ ತಲೆ ಒರಗಿಸಿ, ಕೇಳಿಯೂ ಕೇಳಿಸದ ಹಾಗೆ ಅಂದಾ ಎಂದರು. ಸುಜಾತಕ್ಕ ಒಲೆ ಆರಿಸಿ, ಕೈಯಲ್ಲಿ ದೋಸೆಯ ಸಟ್ಟುಗ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು.

ಕೆಳಗಿನಿಂದ ಬ್ಯಾರಿಗಳು ಹಾರ್ನ್ ಹೊಡೆದರು. ನಾನು ಚೀಲ ಎತ್ತಿಕೊಂಡು ಹೊರಟೆ. ಶೆಟ್ಟರು ಅಲ್ಲಿಂದಲೇ ನನಗೆ ಕೈ ಎತ್ತಿದರು. ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ.